ಶಮಿ ಎಂಬ ಹುಡುಗ

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಎದುರಿಗಿರುವ ಗೆಳೆಯರೇ,

ಆಮಂತ್ರಣದಲ್ಲಿ ನನ್ನ ವಿಷಯ 'ರವೀಂದ್ರನಾಥ ಟಾಗೋರರು ಮತ್ತು ಕಾರವಾರ' ಅಂತ ಇದೆ. ಈ ಊರಲ್ಲಿ ನಿಂತು ಆ ವಿಷಯ ಮಾತಾಡಲು ನನಗೆ ಧೈರ್ಯ ಸಾಲದು. 1883, ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್, ತಮ್ಮನಿಗೆ 22 ವರ್ಷ, ಕಾಳಿ ನದಿಯಲ್ಲಿ ದೋಣಿ, ಬೆಳದಿಂಗಳು, ಇಲ್ಲೇ ಬರೆದ ನಾಟಕ. ನಾನು ಒಂದು ತಪ್ಪು ಹೇಳಿದರೆ ಹಿಂದಿನ ಸಾಲಿನವರು ಎದ್ದು ತಿದ್ದುತ್ತೀರಿ. ಹೋದ ವರ್ಷ ಒಬ್ಬರಿಗೆ ಹಾಗೇ ಆಯಿತಂತೆ.

ಅದಕ್ಕೇ ನಾನು ಕಾರವಾರ ಬಿಟ್ಟ ಮೇಲಿನ ಕಥೆಗೆ ಹೋಗುತ್ತೇನೆ. ಇಲ್ಲಿಂದ ವಾಪಸ್ ಹೋದವರಿಗೆ ಅದೇ ವರ್ಷ ಡಿಸೆಂಬರಿನಲ್ಲಿ ಮದುವೆ ಆಯಿತು. ಹೆಂಡತಿ ಮೃಣಾಲಿನಿ. ಐದು ಮಕ್ಕಳು: ಬೇಲಾ, ರಥೀಂದ್ರ, ರೇಣುಕಾ, ಮೀರಾ, ಕೊನೆಯವನು ಶಮೀಂದ್ರ. ಮನೆಯಲ್ಲಿ ಶಮಿ. ಇವತ್ತಿನ ನನ್ನ ಮಾತು ಈ ಶಮಿಯದ್ದು.

ಶಮಿಯ ಬಗ್ಗೆ ನಮಗೆ ಗೊತ್ತಿರುವುದು ಒಂದೇ ಸಾಲು. 'ರವೀಂದ್ರರ ಕಿರಿಯ ಮಗ, 1907ರಲ್ಲಿ ಕಾಲರಾದಿಂದ ತೀರಿಕೊಂಡ.' ಮುಗೀತು. ಅವನು ಬದುಕಿದ್ದ ಹತ್ತು ಚಿಲ್ಲರೆ ವರ್ಷ ಎಲ್ಲಿ ಹೋಯಿತು? ಮಗು ಹೋದರೆ ನಾವು ಎರಡೇ ಮಾತಾಡುತ್ತೇವೆ. ಹೇಗೆ ಹೋಯಿತು ಅಂತ ಕೇಳುತ್ತೇವೆ. ಆಮೇಲೆ 'ಎಷ್ಟು ಚೂಟಿ ಇತ್ತು, ಮುಂದೆ ಏನೇನೋ ಆಗಬೇಕಿತ್ತು' ಅನ್ನುತ್ತೇವೆ. ಒಂದು ಮಾತು ಸಾವಿನದ್ದು, ಇನ್ನೊಂದು ಬಾರದೇ ಹೋದ ದಿನಗಳದ್ದು. ಮಗು ಬದುಕಿದ ದಿನಗಳ ಮಾತು ಯಾರೂ ಎತ್ತುವುದಿಲ್ಲ. ಇದು ನನ್ನ ತಕರಾರು. ಇದನ್ನು ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ಶಮಿ ಹುಟ್ಟಿದ್ದು 1896ರಲ್ಲಿ. ಐದು ತುಂಬುವ ಹೊತ್ತಿಗೆ ಅಪ್ಪ ಶಾಂತಿನಿಕೇತನದಲ್ಲಿ ಶಾಲೆ ತೆರೆದರು. ಮೊದಲು ಬೆರಳೆಣಿಕೆಯ ಮಕ್ಕಳು, ಅದರಲ್ಲಿ ಒಬ್ಬ ಅವನ ಅಣ್ಣನೇ. ಮರು ವರ್ಷ ತಾಯಿ ತೀರಿಕೊಂಡರು. ಅದರ ಮರು ವರ್ಷ ಅಕ್ಕ ರೇಣುಕಾ. ಅವಳನ್ನು ಗಾಳಿ ಬದಲಾವಣೆಗೆ ಅಲ್ಮೋರಾಕ್ಕೆ ಕರೆದುಕೊಂಡು ಹೋಗಿದ್ದಾಗಲೇ ರವೀಂದ್ರರು ಮಕ್ಕಳ ಪದ್ಯಗಳನ್ನು ಸಾಲು ಸಾಲಾಗಿ ಬರೆದರು. ತಾಯಿ ಮಗುವಿನ ಆಟದ ಆ ಪದ್ಯಗಳನ್ನು ಓದುವಾಗ ಮನೆಯಲ್ಲಿ ತಾಯಿಯಿಲ್ಲದ ಒಬ್ಬ ಚಿಕ್ಕ ಹುಡುಗ ಇದ್ದ ಅನ್ನುವುದನ್ನು ಮರೆಯಬೇಡಿ. ನಮ್ಮ ಪಾಠದ ನೋಟ್ಸಿನಲ್ಲಿ ಇದು ಇರುವುದಿಲ್ಲ. 'ವಾತ್ಸಲ್ಯ ರಸ' ಅಂತ ಬರೆದು ಎರಡು ಮಾರ್ಕ್ಸ್ ಕೊಡುತ್ತೇವೆ. ನಾನೂ ಕೊಟ್ಟಿದ್ದೇನೆ ಬಿಡಿ.

ಈಗ ನನಗೆ ಬಹಳ ಇಷ್ಟದ ಕಥೆ. 1907ರ ಫೆಬ್ರವರಿ, ಸರಸ್ವತಿ ಪೂಜೆಯ ದಿನ. ಬಂಗಾಳದಲ್ಲಿ ಅದು ಹುಡುಗರ ಹಬ್ಬ. ಆ ದಿನ ಯಾರೂ ಪುಸ್ತಕ ಮುಟ್ಟುವ ಹಾಗಿಲ್ಲ, ದೇವಿಯ ಮುಂದೆ ಇಡಬೇಕು. ನಮ್ಮ ಆಯುಧಪೂಜೆಗೆ ಮಕ್ಕಳು ಹಟ ಮಾಡಿ ಗಣಿತದ ಪುಸ್ತಕವನ್ನೇ ಮೊದಲು ಇಡುತ್ತಾರಲ್ಲ, ಹಾಗೇ. ಶಾಂತಿನಿಕೇತನದ ಆಶ್ರಮದಲ್ಲಿ ಆ ದಿನ ಶಮಿ ಮುಂದೆ ನಿಂತು ಒಂದು ಋತು ಉತ್ಸವ ಮಾಡಿಸಿದ. ಹುಡುಗರೆಲ್ಲ ಒಂದೊಂದು ಋತುವಿನ ವೇಷ ಹಾಕಿದರು. ಒಬ್ಬ ಮಳೆಗಾಲ, ಕೆಲವರು ಶರತ್ಕಾಲ. ಶಮಿ ತಾನೇ ವಸಂತನಾದನಂತೆ. ಯಾವ ಹುಡುಗ ತಾನೇ ಒಳ್ಳೆ ಪಾರ್ಟು ಬೇರೆಯವರಿಗೆ ಬಿಡುತ್ತಾನೆ ಹೇಳಿ?

ನೀವೆಲ್ಲ ಶಾಲೆಯಲ್ಲಿ ಕೆಲಸ ಮಾಡಿದವರು. ಹತ್ತು ವರ್ಷದ ಹುಡುಗ ನಾಟಕ ಮಾಡಿಸುವುದು ಅಂದರೆ ಏನು ಅಂತ ನಿಮಗೆ ಗೊತ್ತು. ದೊಡ್ಡವನೊಬ್ಬ ಮಾತು ಕೇಳಲ್ಲ. ಸಣ್ಣವನೊಬ್ಬ ವೇಷ ಹಾಕಿದ ಮೇಲೆ ಅಳುತ್ತಾನೆ. ಹೂವು ತರಲು ಹೋದವನು ಊಟದ ಹೊತ್ತಿಗೆ ಬರುತ್ತಾನೆ. ಶಮಿಯ ಹುಡುಗರೂ ಹೀಗೇ ಇದ್ದಿರಬೇಕು, ಆಶ್ರಮದ ಮಕ್ಕಳಾದರೂ ಮಕ್ಕಳೇ ಅಲ್ವಾ. ಅಷ್ಟೂ ಜನರನ್ನು ಒಂದು ಸಾಲಿಗೆ ತಂದ ಹುಡುಗ ಅವನು. ಮುಂದೆ ಅಪ್ಪ ಎಷ್ಟೋ ಋತು ನಾಟಕ, ಋತುಗೀತೆ ಬರೆದರು. ಹೋಳಿ ಹುಣ್ಣಿಮೆಗೆ ವಸಂತೋತ್ಸವ ನಡೆಯತೊಡಗಿತು. ಲಕ್ಷಗಟ್ಟಲೆ ಜನ ಹಳದಿ ಸೀರೆ, ಹಳದಿ ಕುರ್ತಾ ಹಾಕಿಕೊಂಡು ಹೋಗುವಂತಾಯಿತು. ನೂಕುನುಗ್ಗಲು ತಾಳಲಾರದೆ ಇತ್ತೀಚೆಗೆ ಶಾಂತಿನಿಕೇತನದ ವಿಶ್ವವಿದ್ಯಾಲಯ ವಿಶ್ವಭಾರತಿಯವರು ಹೊರಗಿನವರಿಗೆ ಬಾಗಿಲು ಹಾಕಿದ್ದೂ ಆಯಿತು. ಆ ಜನರಲ್ಲಿ ಶಮಿಯ ಹೆಸರು ಎಷ್ಟು ಜನರಿಗೆ ಗೊತ್ತು? ಸೆಲ್ಫಿಗೆ ಗೊತ್ತಿರಲು ಸಾಧ್ಯವಿಲ್ಲ. 'ಏನೇನೋ ಆಗಬೇಕಿತ್ತು' ಅನ್ನುವವರಿಗೆ ನಾನು ಈ ಹಬ್ಬ ತೋರಿಸುತ್ತೇನೆ. ಸ್ವಾಮಿ, ಅವನು ಆಗಲೇ ಏನೋ ಆಗಿದ್ದ. ಹಬ್ಬವೇ ಇಲ್ಲದಿದ್ದರೂ ಆಗಿದ್ದ. ಈ ಮಾತನ್ನೂ ಗಟ್ಟಿಯಾಗಿ ಹೇಳಬೇಕು. ನಮ್ಮ ನಿಮ್ಮ ಮನೆಯ ಮಗು ಹಬ್ಬ ಶುರು ಮಾಡಿರಲಿಕ್ಕಿಲ್ಲ. ಬೆಕ್ಕಿನ ಮರಿಗೆ ಹೆಸರಿಟ್ಟಿರುತ್ತದೆ. ಅದೂ ಲೆಕ್ಕಕ್ಕೆ ಬರಬೇಕು.

ಅದೇ ವರ್ಷ ಜೂನಿನಲ್ಲಿ ಮೀರಾಳ ಮದುವೆ. ಬೇಲಾ ಗಂಡನ ಮನೆಯಲ್ಲಿ, ಅಣ್ಣ ಅಮೆರಿಕದಲ್ಲಿ ಕೃಷಿ ಓದುತ್ತಿದ್ದ. ಅಪ್ಪನ ಜೊತೆ ಉಳಿದವನು ಶಮಿ ಒಬ್ಬನೇ. ಪೂಜೆಯ ರಜೆಗೆ ಗೆಳೆಯನ ಜೊತೆ ಬಿಹಾರದ ಮುಂಗೇರಿಗೆ ಹೋದ. ಅಲ್ಲಿ ಕಾಲರಾ. ಸುದ್ದಿ ಬಂದ ಕೂಡಲೇ ಅಪ್ಪ ಓಡಿದರು. ಉಳಿಸಿಕೊಳ್ಳಲು ಆಗಲಿಲ್ಲ. ಬಂಗಾಳಿ ಪಂಚಾಂಗದ ಅಗ್ರಹಾಯಣ 7. ಐದು ವರ್ಷದ ಹಿಂದೆ ತಾಯಿ ಹೋದದ್ದೂ ಅದೇ ದಿನ.

ಇಲ್ಲೊಂದು ಮಾತು, ಸ್ವಲ್ಪ ದಾರಿ ತಪ್ಪುತ್ತೇನೆ. ಕಾಲರಾ ಕೊಲ್ಲುವುದು ಮೈಯ ನೀರು, ಉಪ್ಪು ಬಸಿದು. 1971ರಲ್ಲಿ ಬಾಂಗ್ಲಾದಿಂದ ಬಂದ ನಿರಾಶ್ರಿತರು ಬನಗಾಂವ್ ಶಿಬಿರದಲ್ಲಿ ಹೀಗೇ ಸಾಯುತ್ತಿದ್ದರು. ಸಲೈನ್ ಮುಗಿದಿತ್ತು. ದಿಲೀಪ್ ಮಹಾಲನಬಿಸ್ ಎಂಬ ಡಾಕ್ಟರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ನೀರಿಗೆ ಕಲಸಿ ಡ್ರಮ್ಮಿನಲ್ಲಿಟ್ಟು ಕುಡಿಸಿದರು. 100ಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಇವತ್ತು ನಮ್ಮ ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಓಆರ್‌ಎಸ್ ಪೊಟ್ಟಣದ ಹಿಂದಿನ ಉಪಾಯವೂ ಅದೇ. ಆ ಡಾಕ್ಟರು ತೀರಿಕೊಂಡ ಮೇಲೆ, 2023ರಲ್ಲಿ, ಪದ್ಮವಿಭೂಷಣ ಕೊಟ್ಟರು. ನಾವು ಯಾವಾಗಲೂ ಸ್ವಲ್ಪ ತಡ.

ಸರಿ, ವಿಷಯಕ್ಕೆ ಬರುತ್ತೇನೆ. ಅಜ್ಜ ಹೋದರೆ ನಮಗೆ ಒಂದು ವ್ಯವಸ್ಥೆ ಇದೆ. ತಿಥಿ ಇದೆ, ವಡೆ ಪಾಯಸ ಇದೆ. ವರ್ಷಕ್ಕೊಮ್ಮೆ ನೆಂಟರೆಲ್ಲ ಸೇರಿ ಅಜ್ಜನ ಸಿಟ್ಟನ್ನೂ ನಶ್ಯದ ಡಬ್ಬಿಯನ್ನೂ ನೆನೆಸಿ ನಗುತ್ತಾರೆ. ಚಿಕ್ಕ ಮಗುವಿಗೆ ಬಹಳ ಮನೆಗಳಲ್ಲಿ ಅದೂ ಇಲ್ಲ. ಸುಡುವುದಿಲ್ಲ, ಹೂಳುತ್ತಾರೆ. ತಿಥಿ ಇಲ್ಲ. ಬಟ್ಟೆ ಯಾರಿಗೋ ಕೊಟ್ಟುಬಿಡುತ್ತಾರೆ. ಹೆಸರು ಎತ್ತುವುದಿಲ್ಲ. 'ತಾಯಿಯ ಎದುರಿಗೆ ಹೇಳಬೇಡ್ರೋ, ಪಾಪ, ನೆನಪಾಗ್ತದೆ' ಅನ್ನುತ್ತಾರೆ. ಅವಳು ಮರೆತಿದ್ದರೆ ತಾನೇ ನೆನಪಾಗುವುದು?

ಇದರ ಮೇಲೆ ನಮ್ಮ ಭಾಷಣಕಾರರ ಕಾಟ ಬೇರೆ. 'ಗುರುದೇವರು ಮಗ ಹೋದರೂ ಅಳಲಿಲ್ಲ, ಕೆಲಸ ಬಿಡಲಿಲ್ಲ' ಅಂತ ಹೊಗಳುವುದು. ಈ ಹೊಗಳಿಕೆ ಕೇಳಿದರೆ ನನಗೆ ಮೈ ಉರಿಯುತ್ತದೆ. ಕೊನೆಗೆ ಅದು ಬಂದು ಬೀಳುವುದು ಯಾವುದೋ ತಾಯಿಯ ತಲೆಯ ಮೇಲೆ. 'ಅಂಥವರೇ ಅಳಲಿಲ್ಲ, ನೀನ್ಯಾಕೆ?' ಅಳಲಿಲ್ಲ ಅಂದಮಾತ್ರಕ್ಕೆ ಮರೆತರು ಅಂತಲಾ?

ಚೀಟಿ ಬಂತು. ಐದು ನಿಮಿಷ ಅಂತೆ. ರಥೀಂದ್ರರ ಬಗ್ಗೆ ಹೇಳುವುದಿತ್ತು, ಬಿಟ್ಟೆ. ಕವಿ ಬೇಂದ್ರೆಯವರ ಮನೆಯಲ್ಲಿ ಮಕ್ಕಳು ಹೋದ ಕಥೆ ನಿಮಗೆ ಗೊತ್ತೇ ಇದೆ, ಅದನ್ನೂ ಬಿಟ್ಟೆ.

1932. ಮೀರಾಳ ಮಗ ನೀತು ಜರ್ಮನಿಯಲ್ಲಿ ತೀರಿಕೊಂಡ, ಇಪ್ಪತ್ತರ ಹುಡುಗ. ಮಗಳಿಗೆ ಅಪ್ಪ ಕಾಗದ ಬರೆದರು. ಆ ಕಾಗದದಲ್ಲಿ ಶಮಿ ಬರುತ್ತಾನೆ. ಅವನು ಹೋದ ರಾತ್ರಿ, ತನ್ನ ದುಃಖ ಅವನನ್ನು ಹಿಂದಕ್ಕೆ ಎಳೆಯದಿರಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡದ್ದು. ಮರುದಿನ ರಾತ್ರಿ ರೈಲಿನಿಂದ ಕಂಡ ಬೆಳದಿಂಗಳು, ಎಲ್ಲೂ ಏನೂ ಕಡಿಮೆಯಾದ ಗುರುತು ಇಲ್ಲದ್ದು. ನಮ್ಮ ಕಾಳಿ ನದಿಯ ಬೆಳದಿಂಗಳ ಮೇಲೆ ಪ್ರತಿ ವರ್ಷ ಭಾಷಣ ಆಗುತ್ತದೆ, ಆ ರೈಲಿನದ್ದರ ಮೇಲೆ ಒಂದೂ ಆಗಿಲ್ಲ. 25 ವರ್ಷ ಆಗಿತ್ತು ಸ್ವಾಮಿ. ಅಪ್ಪನಿಗೆ ಎಪ್ಪತ್ತು ದಾಟಿತ್ತು. ಮಗನನ್ನು ಕಳೆದುಕೊಂಡ ಮಗಳಿಗೆ ಅವಳ ತಮ್ಮನ ಸುದ್ದಿ ಹೇಳಿದರು.

ಪ್ರಶ್ನೋತ್ತರಕ್ಕೆ ಸಮಯ ಇಲ್ಲವಂತೆ, ಒಳ್ಳೆಯದೇ ಆಯಿತು. ಅಂಕೋಲಾ ಬಸ್ಸು ಏಳೂವರೆಗೆ. ಅಲ್ಲಿತನಕ ಚಹಾದ ಹತ್ತಿರ ಇರುತ್ತೇನೆ. ನಿಮ್ಮ ಮನೆಯಲ್ಲಿ ಇಂಥ ಮಗು ಇದ್ದಿದ್ದರೆ ಬಂದು ಹೇಳಿ. ಹೇಗೆ ಹೋಯಿತು ಅಂತ ನಾನು ಕೇಳುವುದಿಲ್ಲ. ಏನು ತಿನ್ನುತ್ತಿತ್ತು, ಯಾರ ಜೊತೆ ಜಾಸ್ತಿ ಜಗಳ ಆಡುತ್ತಿತ್ತು, ಅದು ಹೇಳಿ.