ಕೂಸಿನ ಮೈಮೇಲಿನ ನೀಲಿ, ಕೆಂಪು, ಹಳದಿ

ಹಸುಗೂಸಿನ ಸೊಂಟದ ಕೆಳಗೆ ಕಾಣುವ ನೀಲಿ ಮಚ್ಚೆಗೆ ರಾಯಚೂರಿನ ನಮ್ಮ ಓಣಿಯಲ್ಲಿ ಕಾರಣಗಳಿಗೇನೂ ಬರವಿಲ್ಲ. ಗ್ರಹಣದ ದಿನ ಬಸುರಿ ಹೊರಗೆ ಬಂದಿರಬೇಕು ಎನ್ನುವವರು ಒಬ್ಬರಾದರೆ, ಹೆರಿಗೆಯಲ್ಲಿ ನರ್ಸ್ ಬಿಗಿಯಾಗಿ ಹಿಡಿದಿರಬೇಕು ಎನ್ನುವವರು ಇನ್ನೊಬ್ಬರು. ನಮ್ಮ ಅಜ್ಜಿ ಬಚ್ಚಲಿನಲ್ಲಿ ಕಾಲು ಚಾಚಿ ಕುಳಿತು, ತಂಗಿಯ ಕೂಸನ್ನು ಬೋರಲು ಹಾಕಿಕೊಂಡು, ಕಡಲೆಹಿಟ್ಟು ಹಚ್ಚಿ ಅದೇ ಜಾಗವನ್ನು ಮತ್ತೆ ಮತ್ತೆ ತಿಕ್ಕುತ್ತಾರೆ.

ಅದು ತಿಕ್ಕಿದರೆ ಹೋಗುವ ಬಣ್ಣವಲ್ಲ. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ತಯಾರಿಸುವ ಕೋಶಗಳಲ್ಲಿ ಕೆಲವು, ಗರ್ಭದಲ್ಲಿ ಮಗು ಬೆಳೆಯುವಾಗ ಚರ್ಮದ ಮೇಲ್ಪದರವನ್ನು ತಲುಪದೆ ಒಳಪದರದಲ್ಲಿಯೇ ಉಳಿದುಬಿಡುತ್ತವೆ. ಆಳದಲ್ಲಿರುವ ಆ ಕಪ್ಪು ಹೊರಗಿನಿಂದ ನೋಡುವವರಿಗೆ ನೀಲಿಯಾಗಿ ಕಾಣುತ್ತದೆ. ಭಾರತದ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಪೆಟ್ಟಿನ ಗುರುತಿನಂತೆ ಇದು ನೋಯುವುದೂ ಇಲ್ಲ, ನಾಲ್ಕಾರು ದಿನಗಳಲ್ಲಿ ಬಣ್ಣ ಬದಲಿಸುವುದೂ ಇಲ್ಲ. ಹೆಚ್ಚಿನ ಮಕ್ಕಳಲ್ಲಿ ಶಾಲೆಗೆ ಸೇರುವ ಹೊತ್ತಿಗೆ ತಾನಾಗಿ ಮಾಸಿರುತ್ತದೆ.

ಮೂಗಿನ ಮೇಲಿನ ರವೆಯಂಥ ಬಿಳಿ ಚುಕ್ಕೆಗಳನ್ನು ಹಿಸುಕಬಾರದು, ಕೆಲವು ವಾರಗಳಲ್ಲಿ ಅವು ಉದುರುತ್ತವೆ. ಎರಡು ಮೂರನೆಯ ದಿನ ಮೈಮೇಲೆ ಏಳುವ, ನಡುವೆ ಸಣ್ಣ ಗುಳ್ಳೆಯಿರುವ ಕೆಂಪು ದದ್ದುಗಳಿಗೂ ಮುಲಾಮು ಬೇಡ. ಮೊದಲ ಒಂದೆರಡು ದಿನ ಅಂಗೈ, ಅಂಗಾಲು ನೀಲಿಗಟ್ಟಿದ್ದರೆ ಹೆದರಬೇಕಿಲ್ಲ. ಆದರೆ ತುಟಿ, ನಾಲಿಗೆ ನೀಲಿಯಾದರೆ ರಕ್ತಕ್ಕೆ ಆಮ್ಲಜನಕ ಸಾಲುತ್ತಿಲ್ಲವೆಂದೇ ತಿಳಿದು ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು.

ನನ್ನ ತಕರಾರು ಇಷ್ಟೇ: ಎಲ್ಲರೂ ನೀಲಿ ಮಚ್ಚೆಯ ಮಾತಾಡುತ್ತಾರೆ, ಹಳದಿಯನ್ನು ಮಾತ್ರ ಯಾರೂ ಬೆಳಕಿನಲ್ಲಿ ನೋಡುವುದಿಲ್ಲ. ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿ, ಲೋಬಾನದ ಹೊಗೆ ತುಂಬಿದ ಬಾಣಂತಿಯ ಕೋಣೆಯಲ್ಲಿ ಕಾಮಾಲೆ ಕಾಣುವುದಾದರೂ ಹೇಗೆ? ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಹೊರಹಾಕುವಷ್ಟು ಕೂಸಿನ ಯಕೃತ್ತು ಇನ್ನೂ ಪಳಗಿರುವುದಿಲ್ಲವಾದ್ದರಿಂದ, ಎರಡನೆಯ ಅಥವಾ ಮೂರನೆಯ ದಿನ ಸ್ವಲ್ಪ ಹಳದಿ ಕಾಣಿಸಿಕೊಂಡು ಸಾಮಾನ್ಯವಾಗಿ ಎರಡು ವಾರದೊಳಗೆ ಇಳಿಯುತ್ತದೆ. ಹುಟ್ಟಿದ 24 ಗಂಟೆಯೊಳಗೇ ಕಂಡರೆ, ಅಥವಾ ಮುಖದಿಂದ ಹೊಟ್ಟೆಗೆ, ಹೊಟ್ಟೆಯಿಂದ ಅಂಗಾಲಿಗೆ ಹಬ್ಬಿದರೆ ಅದು ಬೇರೆಯೇ ವಿಷಯ. ಮಿತಿ ಮೀರಿದ ಬಿಲಿರುಬಿನ್ ಮಿದುಳಿಗೆ ಶಾಶ್ವತ ಹಾನಿ ಮಾಡಬಲ್ಲದು. ನಮ್ಮ ಕಡೆಯ ಕಪ್ಪು ಮೈಬಣ್ಣದ ಕೂಸುಗಳಲ್ಲಿ ಇದು ಸುಲಭಕ್ಕೆ ಗೊತ್ತಾಗದು. ಹಗಲು ಬೆಳಕಿನಲ್ಲಿ ಹಣೆಯನ್ನೋ ಎದೆಯನ್ನೋ ಬೆರಳಿನಿಂದ ಮೆಲ್ಲಗೆ ಒತ್ತಿ, ಬೆರಳು ತೆಗೆದೊಡನೆ ಆ ಜಾಗದ ಬಣ್ಣವನ್ನು ಗಮನಿಸಬೇಕು. ವಸಡನ್ನೂ ಕಣ್ಣಿನ ಬಿಳಿಭಾಗವನ್ನೂ ನೋಡಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3ನೆಯ ದಿನ ಬರಬೇಕೆಂಬ ನಿಯಮವಿದೆ. ಆಕೆ ಬಂದಾಗ ಕೂಸನ್ನು ಕೌದಿಯಿಂದ ಬಿಚ್ಚಿ ತೋರಿಸಿ.

ಬೆಳಗಿನ ಬಿಸಿಲಿಗೆ ಹಿಡಿಯಿರಿ ಎಂಬ ಹಿರಿಯರ ಮಾತು ಬುಡವಿಲ್ಲದ್ದಲ್ಲ. ಬಿಸಿಲು ಬಿದ್ದ ಚರ್ಮದ ಹಳದಿ ಇಳಿಯುವುದನ್ನು ಇಂಗ್ಲೆಂಡಿನ ಆಸ್ಪತ್ರೆಯೊಂದರ ನರ್ಸ್ ಗಮನಿಸಿದ್ದರಿಂದಲೇ ಬೆಳಕಿನ ಚಿಕಿತ್ಸೆ ಹುಟ್ಟಿತು, 1958ರಲ್ಲಿ ಅದು ಪ್ರಕಟವಾಯಿತು. ಆದರೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬಿಸಿಲನ್ನೇ ಔಷಧವೆಂದು ನಂಬಿದರೆ ಕೂಸಿನ ಮೈ ಬಿಸಿಯೇರಿ ನೀರಿನಂಶ ಕಡಿಮೆಯಾಗುತ್ತದೆ, ಆಗ ಕಾಮಾಲೆ ಇನ್ನಷ್ಟು ಏರಬಹುದು. ಆಸ್ಪತ್ರೆಯ ನೀಲಿ ದೀಪಕ್ಕೆ ಅದು ಬದಲಿಯಲ್ಲ.

ಇನ್ನೊಂದು ಮಾತು, ಇದನ್ನು ಹೇಳುವವರು ಕಡಿಮೆ. ಟ್ರಂಕಿನಲ್ಲಿ ಡಾಂಬರು ಗುಳಿಗೆ, ಅಂದರೆ ನ್ಯಾಫ್ತಲೀನ್, ಹಾಕಿಟ್ಟ ಹಳೆಯ ಕೌದಿ, ಕುಲಾವಿಗಳನ್ನು ಹಾಗೆಯೇ ಕೂಸಿಗೆ ಸುತ್ತಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಗುವಿನಲ್ಲಿ ಆ ವಾಸನೆಯೊಂದೇ ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು, ಕೊರತೆಯಿದೆಯೋ ಇಲ್ಲವೋ ಎಂಬುದು ಮುಖ ನೋಡಿದರೆ ತಿಳಿಯುವುದಿಲ್ಲ. ಅಂಥ ಬಟ್ಟೆಯನ್ನು ಒಗೆದು ಒಣಗಿಸಿದ ಮೇಲೂ ಗುಳಿಗೆಯ ವಾಸನೆ ಬರುತ್ತಿದ್ದರೆ ಬದಿಗಿಟ್ಟು, ಬೇರೆ ಹತ್ತಿ ಬಟ್ಟೆಯಲ್ಲಿ ಸುತ್ತಿ.