ಕುಕ್ಕರ್ ಕೂಗಿಸಬೇಡಿ

ಕೇಳುಗರೇ, ನಮಸ್ಕಾರ. ಈ ಹೊತ್ತಿಗೆ ನಿಮ್ಮಲ್ಲಿ ಅರ್ಧ ಜನ ಮಧ್ಯಾಹ್ನದ ಅಕ್ಕಿ ತೊಳೆಯುತ್ತಾ ಇರುತ್ತೀರಿ. ಅದು ಗಂಧಸಾಲೆಯೋ ಜೀರಿಗೆ ಸಣ್ಣವೋ ಆಗಿದ್ದರೆ, ದಯವಿಟ್ಟು ಆ ಕುಕ್ಕರ್ ಕೆಳಗಿಡಿ. ನಾನು ಇವತ್ತು ಹೇಳಲು ಬಂದಿರುವುದು ಇಷ್ಟೇ. ಪರಿಮಳದ ಅಕ್ಕಿಗೆ ಕುಕ್ಕರ್ ಕೂಗಿಸಬೇಡಿ.

ಯಾಕೆ? ಈ ಅಕ್ಕಿಯ ಘಮ ಹಾರಿಹೋಗುವ ವಸ್ತು. ವಿಜ್ಞಾನಿಗಳು ಅದಕ್ಕೊಂದು ಉದ್ದ ಹೆಸರು ಇಟ್ಟಿದ್ದಾರೆ, ಬಿಡಿ. ಮೆಕ್ಕೆಜೋಳ ಅರಳಿಸಿದಾಗ ಮೂಗಿಗೆ ಬಡಿಯುತ್ತದಲ್ಲ, ಅದೂ ಇದೇ ವಸ್ತು. ಗಂಧಸಾಲೆ ಅನ್ನದಲ್ಲಿ ಹುರಿದ ಗೋಡಂಬಿಯಂಥ ಒಂದು ರುಚಿ ಬರುವುದಕ್ಕೂ ಇದೇ ಕಾರಣ. ಗದ್ದೆ ಅಂಚಿನಲ್ಲಿ ನಡೆದು ಹೋದರೆ ಪೈರೇ ಘಮ್ಮೆನ್ನುತ್ತದೆ. ಅಂಥದ್ದನ್ನು ತಂದು ನಾವು ಸೀಟಿಯ ಹಬೆಯಲ್ಲಿ ಹೊರಗೆ ಕಳಿಸುತ್ತೇವೆ.

ನಾನೂ ಕಳಿಸಿದವಳೇ. ಮದುವೆಯಾಗಿ ತೀರ್ಥಹಳ್ಳಿ ಕಡೆಯ ಹಳ್ಳಿಗೆ ಬಂದ ಮೊದಲ ವರ್ಷ. ಹೊಸಕ್ಕಿ ಊಟದ ದಿನ. ಮಾವನವರು ಮನೆಮಟ್ಟಿಗೆ ಅಂತ ಮೂಲೆಯ ಸಣ್ಣ ಗದ್ದೆಯಲ್ಲಿ ಮಾತ್ರ ಗಂಧಸಾಲೆ ಹಾಕುತ್ತಿದ್ದರು. ಆಳೆತ್ತರ ಬೆಳೆದು ಗಾಳಿಗೆ ಮಲಗಿಬಿಡುವ ಭತ್ತ, ಇಳುವರಿಯೂ ಕಡಿಮೆ. ಆ ವರ್ಷ ಮಳೆ ಬೇರೆ ಹೊಡೆದಿತ್ತು. ಉಳಿದದ್ದರಲ್ಲಿ ಎರಡು ಸೇರು ಅಕ್ಕಿ ನನ್ನ ಕೈಗೆ ಕೊಟ್ಟು, "ಇವತ್ತಿನ ಅನ್ನ ನೀನೇ ಮಾಡು ಮಗಾ" ಅಂದರು. ನಾನು ತವರಿನಿಂದ ತಂದ ಹೊಸ ಕುಕ್ಕರ್ ಹೊರಗೆ ತೆಗೆದೆ. ಜಂಬ ಬೇರೆ. ನಾಲ್ಕು ಸೀಟಿ. ಮೂರನೆಯದಕ್ಕೇ ಪಕ್ಕದ ಮನೆಯ ಅಮ್ಮ ಬೇಲಿ ಹತ್ತಿರ ಬಂದು, "ಏನೇ, ಇವತ್ತು ಗಂಧಸಾಲೆಯಾ?" ಅಂತ ಕೇಳಿದರು. ನಾನು ಉಬ್ಬಿ ಹೋದೆ. ಎಲೆ ಹಾಕಿದೆವು, ಬಡಿಸಿದೆವು. ಮಾವ ಒಂದು ತುತ್ತು ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಘಮ ಎಲ್ಲ ಪಕ್ಕದ ಮನೆಗೆ, ಮುದ್ದೆ ಅನ್ನ ನಮಗೆ" ಅಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನನಗೆ ಅಳು.

ಮಾರನೇ ದಿನ ಅತ್ತೆ ಕರೆದು ತೋರಿಸಿದರು. ಅಕ್ಕಿಯನ್ನು ಉಜ್ಜದೆ ಎರಡೇ ನೀರಲ್ಲಿ ತೊಳೆದರು. 20 ನಿಮಿಷ ನೆನೆಸಿದರು. ದಪ್ಪ ತಳದ ಪಾತ್ರೆಯಲ್ಲಿ ಒಂದು ಲೋಟಕ್ಕೆ ಒಂದೂಮುಕ್ಕಾಲು ಲೋಟ ನೀರು. ಹಳೇ ಅಕ್ಕಿಯಾದರೆ ಎರಡು. ಕುದಿ ಬಂದ ಮೇಲೆ ಉರಿ ಹಿಂದಕ್ಕೆಳೆದು ಮುಚ್ಚಳ ಹಾಕಿದರು. ನಾನು ತೆಗೆದು ನೋಡಲು ಹೋದರೆ ಕೈ ಮೇಲೆ ಒಂದು ಪೆಟ್ಟು! ನೀರು ಇಂಗಿದ ಮೇಲೂ ಹತ್ತು ನಿಮಿಷ ಹಾಗೇ ಬಿಟ್ಟರು. ಆಮೇಲೆ ಮುಚ್ಚಳ ತೆಗೆದದ್ದು ಎಲೆಯ ಮುಂದೆ, ಎಲ್ಲರೂ ಕೂತ ಮೇಲೆ. ಗ್ಯಾಸ್ ಒಲೆಯಲ್ಲೂ ಇದೇ ಲೆಕ್ಕ. ಸಣ್ಣ ಉರಿ, ಮುಚ್ಚಿದ ಮುಚ್ಚಳ.

ಬಸಿಯಬಹುದಾ ಅಂತ ಕೇಳುತ್ತೀರಿ. ಬೇಡ. ಗಂಜಿಯ ಜೊತೆ ಘಮವೂ ಹೋಗುತ್ತದೆ.

ಸ್ಟುಡಿಯೋ ಗಾಜಿನಾಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷವಂತೆ. ಬೇಗ ಹೇಳುತ್ತೇನೆ. ಈ ಅಕ್ಕಿಯಲ್ಲಿ ಪುಳಿಯೋಗರೆ, ಬಿಸಿಬೇಳೆ ಬಾತ್ ಮಾಡಬೇಡಿ, ಮಸಾಲೆಯ ಮುಂದೆ ಪಾಪ ಅದು ಬಾಯಿ ಮುಚ್ಚಿಕೊಳ್ಳುತ್ತದೆ. ತಿಳಿಸಾರು, ತುಪ್ಪ, ಒಂದು ಅಪ್ಪೆಮಿಡಿ ಉಪ್ಪಿನಕಾಯಿ ಸಾಕು. ಪಾಯಸಕ್ಕೆ ಅಕ್ಕಿ ಪೂರ್ತಿ ಬೆಂದ ಮೇಲೇ ಬೆಲ್ಲ ಹಾಕಿ. ಮೊದಲೇ ಹಾಕಿದರೆ ಕಾಳು ಬೇಯದೆ ಗಟ್ಟಿಯಾಗೇ ಉಳಿಯುತ್ತದೆ. ಏಲಕ್ಕಿ? ಯಾಕೆ ಬೇಕು, ಗಂಧಸಾಲೆ ಇರುವಾಗ! ಅಕ್ಕಿ ಕಡಿಮೆ ಇದ್ದರೆ ದಿನದ ಅಕ್ಕಿಗೆ ಒಂದು ಹಿಡಿ ಬೆರೆಸಿ. ಗದ್ದೆ ಇರುವವರು ಭತ್ತವಾಗಿಯೇ ಇಟ್ಟುಕೊಂಡು ಬೇಕಾದಾಗ ಸ್ವಲ್ಪ ಸ್ವಲ್ಪ ಮಿಲ್ ಮಾಡಿಸಿ. ಅಕ್ಕಿ ಮಾಡಿಸಿ ಜಾಸ್ತಿ ದಿನ ಇಟ್ಟರೆ ಡಬ್ಬದಲ್ಲೇ ಘಮ ಇಳಿಯುತ್ತದೆ.

ಈಗ ಒಂದೇ ಬೆರಳು ತೋರಿಸುತ್ತಿದ್ದಾರೆ. ಸರಿ, ಮುಗಿಸುತ್ತೇನೆ. ಎಲ್ಲೋ ಒಂದು ಸೀಟಿ ಕೇಳಿಸಿದ ಹಾಗಾಯಿತು. ನಿಮ್ಮ ಮನೆಯದಲ್ಲ ತಾನೇ? ನಮಸ್ಕಾರ.