ಡಾನರ್ ಕೆರೆ, ಹಸಿ ಸೌದೆ, ಅಮ್ಮನ ಕೊಬ್ಬರಿ ಎಣ್ಣೆ

ಅಮ್ಮನ ಜೊತೆ ಕ್ಯಾಂಪಿಂಗ್‌ಗೆ ಬಂದಿದ್ದೀನಿ. ಟೆಂಟ್ ಹಾಕಿದ್ದು ವಿಡಿಯೋದಲ್ಲಿ ಆಗಲೇ ನೋಡಿದಿರಲ್ಲ, ಅದನ್ನ ಮತ್ತೆ ಹೇಳಲ್ಲ. ಇದು ಕ್ಯಾಲಿಫೋರ್ನಿಯಾದ ಟ್ರಕೀ ಊರಿನ ಡಾನರ್ ಮೆಮೋರಿಯಲ್ ಸ್ಟೇಟ್ ಪಾರ್ಕ್. ಮರಗಳ ಆ ಕಡೆ ಕೆರೆ, ಈ ಕಡೆ 80ನೇ ಹೆದ್ದಾರಿ. ಲಾರಿ ಸದ್ದು ಕೇಳಿಸ್ತಿದೆಯಾ? ಇದಕ್ಕೆ ಸ್ಯಾನ್ ಹೊಸೆಯಿಂದ ನಾಲ್ಕು ಗಂಟೆ ಬರಬೇಕಿತ್ತಾ? ನನ್ನ ಕೇಳಿದರೆ ಬೇಡ.

ಈ ಕಬ್ಬಿಣದ ಪೆಟ್ಟಿಗೆ ಕರಡಿಗೆ. ಅಂದರೆ, ಕರಡಿಗೆ ಏನೂ ಸಿಗಬಾರದು ಅಂತ. ತಿಂಡಿ, ಸೋಪು, ಟೂತ್‌ಪೇಸ್ಟ್, ವಾಸನೆ ಬರೋದೆಲ್ಲ ಒಳಗೆ. ಅಮ್ಮ ತುಮಕೂರಿಂದ ತಂದ ಕೊಬ್ಬರಿ ಎಣ್ಣೆ ಬಾಟಲಿ ಮಾತ್ರ ಕೊಡಲಿಲ್ಲ. "ಕರಡಿ ಏನು ತಲೆಗೆ ಹಚ್ಕೊಳುತ್ತಾ?" ಅಂದಳು.

ಈಗ ಸೌದೆ ವಿಷಯ. ಐದಾರು ತುಂಡಿನ ಒಂದು ಕಟ್ಟು, ಅದಕ್ಕೆ 12 ಡಾಲರ್! ರೂಪಾಯಿ ಲೆಕ್ಕ ಹಾಕಬೇಡಿ, ಅಮ್ಮ ಆಗಲೇ ಹಾಕಿ ಕೂತಿದ್ದಾಳೆ. ಹುಳ ಹರಡುತ್ತೆ, ಮನೆಯಿಂದ ಸೌದೆ ತರಬೇಡಿ ಅಂತಾರೆ. ಸರಿ. ಇಲ್ಲಿ ಬಿದ್ದಿರೋ ಪುಳ್ಳೆಯನ್ನೂ ಆರಿಸೋ ಹಾಗಿಲ್ಲ. ಅದೂ ಸರಿ. ಅಷ್ಟು ದುಡ್ಡು ತಗೊಂಡ ಮೇಲೆ ಒಣಗಿದ್ದು ಕೊಡಬೇಕಲ್ವಾ? ನೋಡಿ, ತುದಿಯಿಂದ ಬುಸ್ ಅಂತ ನೊರೆ ಬರ್ತಿದೆ. ಅರ್ಧ ಗಂಟೆ ಬರೀ ಹೊಗೆ. ಪಕ್ಕದವರು ಕುರ್ಚಿ ಎತ್ತಿಕೊಂಡು ಎದ್ದೇ ಹೋದರು. ಕೊನೆಗೆ ಅಮ್ಮ ಟಿಶ್ಯೂ ಹೊಸೆದು ಬತ್ತಿ ಮಾಡಿದಳು. ಅದೇ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದಳು. ಸಿರಿಯಲ್ ಡಬ್ಬದ ರಟ್ಟು ಸುತ್ತಿ ಊದುಗೊಳವೆ. ಹತ್ತಿತು. ನಾನು ಸುಮ್ನೆ ಕ್ಯಾಮೆರಾ ಹಿಡಿದಿದ್ದೆ.

ಇದು ಬೆಳಿಗ್ಗೆ. ಈ ಸ್ಮಾರಕದ ಪೀಠ 22 ಅಡಿ. 1846ರ ಚಳಿಗಾಲದಲ್ಲಿ ಇಲ್ಲಿ ಹಿಮ ಅಷ್ಟು ಎತ್ತರ ಇತ್ತು ಅಂತಾರೆ. ಇಲಿನಾಯ್‌ನಿಂದ ಕ್ಯಾಲಿಫೋರ್ನಿಯಾಗೆ ನೆಲೆಸೋಕೆ ಅಂತ ಎತ್ತಿನ ಗಾಡಿಯಲ್ಲಿ ಹೊರಟಿದ್ದ ಡಾನರ್ ಗುಂಪು ಯಾವುದೋ ಶಾರ್ಟ್‌ಕಟ್ ನಂಬಿ ತಡ ಮಾಡಿಕೊಂಡಿತು. ಬೆಟ್ಟ ದಾಟೋ ಮೊದಲೇ ಹಿಮ ಬಿತ್ತು. 80ಕ್ಕೂ ಜಾಸ್ತಿ ಜನ. ಎತ್ತಿನ ತೊಗಲು ಬೇಯಿಸಿ ತಿಂದರು, ಕೆಲವರು ಸತ್ತವರನ್ನೂ ತಿಂದರು. ಅರ್ಧದಷ್ಟು ಜನರೇ ಉಳಿದದ್ದು.

ಅಮ್ಮ ಕೇಳಿದ್ದು ಒಂದೇ. "ಸೌದೆಗೆ ಏನು ಮಾಡಿದರು?" ಹಿಮದ ಮೇಲೆ ನಿಂತು ಮರ ಕಡಿದರಂತೆ. ಹಿಮ ಕರಗಿದ ಮೇಲೆ ನೋಡಿದರೆ ಬೊಡ್ಡೆಗಳೇ ಆಳೆತ್ತರಕ್ಕಿಂತ ಜಾಸ್ತಿ. "ಪಾಪ, ಅದೂ ಹಸಿ ಸೌದೆ" ಅಂದಳು.

ಆಮೇಲೆ ಆ ಲಾರಿ ಸದ್ದು ನನಗೆ ಅಷ್ಟು ಕೆಟ್ಟದಾಗಿ ಕೇಳಿಸಲಿಲ್ಲ. ಅವರಿಗೆ ದಾಟೋಕಾಗದ ಬೆಟ್ಟವನ್ನೇ ಅಲ್ವಾ ಇವು ದಾಟ್ತಿರೋದು! ಮುಂದಿನ ವರ್ಷ ಮತ್ತೆ ಬುಕ್ ಮಾಡ್ತೀನಿ. ಸೌದೆ ಅಂಗಡಿ ಮಾತ್ರ ಬೇರೆ. ಇದು ಕೆರೆ, ಚೆನ್ನಾಗಿದೆ. ಬ್ಯಾಟರಿ ಮುಗೀತಿದೆ. ಅಮ್ಮಾ, ಬಾಟಲಿ ಪೆಟ್ಟಿಗೆಗೆ ಹಾಕಿದೆಯಾ?